ಎರಡು ಕಿವಿಗಳೂ ಧ್ವನಿಯ ಎಡಬಲಗಳೂ

ಮನುಷ್ಯನಿಗೆ ಎರಡು ಕಿವಿಗಳು ಯಾತಕ್ಕೆ ಎಂದು ಕೆಳಗಿನ ತರಗತಿಯ ಹುಡುಗಿಯರನ್ನು ಕೇಳಿದರೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂಬ ಉತ್ತರವು ಬರುವದುಂಟು. ಆ ಉತ್ತರವು ಪೂರಾ ತಪ್ಪಲ್ಲ; ಆದರೆ ಎರಡನೆಯ ಕಿವಿಯ ಮುಖ್ಯ ಕೆಲಸವು ಬೇರೆ. ಒಂದೇ ಕಿವಿಯಿಂದ ಕೇಳುವವರಿಗೆ ಶಬ್ದವು ಕೇಳಿಸುವದು, ಮಾತು ತಿಳಿಯುವದು, ಹಾಡಿನ ಸವಿಯೂ ಹತ್ತುವದು; ಆ ಶಬ್ದವು ಯಾವ ದಿಕ್ಕಿನಿಂದ ಬಂತೆಂಬದು ಮಾತ್ರ ಅವರಿಗೆ ಸುಲಭವಾಗಿ ತಿಳಿಯಲಾರದು. ದಿಕ್ಕನ್ನು ಅರಿಯುವ ಶಕ್ತಿಯು ಎರಡು ಕಿವಿಗಳ ಕೂಡುವಿಕೆಯಿಂದಲೇ ಹುಟ್ಟುತ್ತದೆ.

ರಬಕವಿ-ಬನಹಟ್ಟಿ ತಾಲೂಕಿನ ಚಿಮ್ಮಡ ಗ್ರಾಮದಲ್ಲಿ ಪ್ರಭುಲಿಂಗೇಶ್ವರನ ಜಾತ್ರೆಯ ಕಾಲಕ್ಕೆ ಕರಡಿ ಮಜಲಿನ ಮೇಳವು ಓಣಿಯಲ್ಲಿ ಬರುತ್ತಿರುವದೆಂದು ಭಾವಿಸಿರಿ. ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತವಳೂ ಕರಡಿಯ ಪೆಟ್ಟು ಯಾವ ಕಡೆಯಿಂದ ಬರುತ್ತದೆ, ಸನಾದಿಯವನು ಎತ್ತ ತಿರುಗಿದನು, ತಾಳದವನು ಮುಂದಾದನೋ ಹಿಂದಾದನೋ ಎಂಬದನ್ನು ತಡವಿಲ್ಲದೆ ಹೇಳಬಲ್ಲಳು. ಅವಳು ಇದಕ್ಕಾಗಿ ಲೆಕ್ಕ ಹಾಕಿದವಳಲ್ಲ. ಲೆಕ್ಕವನ್ನು ಅವಳ ಕಿವಿಗಳೂ ಮಿದುಳೂ ತಾವಾಗಿ ಹಾಕಿರುತ್ತವೆ.

ಆ ಲೆಕ್ಕವು ಹೇಗಂದರೆ: ಶಬ್ದವು ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 343 ಮೀಟರು ದೂರ ಹೋಗುತ್ತದೆ. ಬಲಗಡೆಯಿಂದ ಬಂದ ಶಬ್ದವು ಮೊದಲು ಬಲಗಿವಿಯನ್ನು ಮುಟ್ಟಿ, ತಲೆಯನ್ನು ಸುತ್ತುವರಿದು ಎಡಗಿವಿಗೆ ತಲಪಬೇಕಾದರೆ ಸುಮಾರು 22 ಸೆಂಟಿಮೀಟರು ಹೆಚ್ಚು ದಾರಿ ನಡೆಯಬೇಕು. ಇದಕ್ಕೆ ಹಿಡಿಯುವ ವೇಳೆಯು ಒಂದು ಸೆಕೆಂಡಿನ ಸಾವಿರದೊಂದು ಪಾಲಿನಲ್ಲಿ ಮೂರರಲ್ಲೆರಡಂಶ ಮಾತ್ರ. ಇಷ್ಟು ಅಲ್ಪವಾದ ಅಂತರವನ್ನು ಮಿದುಳು ಗುರುತಿಸುತ್ತದೆಂಬದು ಆಶ್ಚರ್ಯವೇ ಸರಿ. ಅಲ್ಲದೆ ತಲೆಯು ನಡುವೆ ಗೋಡೆಯಂತೆ ನಿಂತಿರುವದರಿಂದ ಆಚೆಯ ಕಿವಿಗೆ ಶಬ್ದವು ಸಣ್ಣದಾಗಿ ಮುಟ್ಟುತ್ತದೆ. ಕರಡಿಯ ದಪ್ಪ ನಾದದಂಥ ತಗ್ಗಿನ ಸ್ವರಗಳು ತಲೆಯನ್ನು ಬಳಸಿಕೊಂಡು ಸುಖವಾಗಿ ಆಚೆಗೆ ಹೋಗುತ್ತವೆ; ತಾಳದ ಕಿಣಿಕಿಣಿಯಂಥ ಮೇಲಿನ ಸ್ವರಗಳಿಗೆ ತಲೆಯ ನೆರಳು ಬೀಳುತ್ತದೆ. ಆದಕಾರಣ ತಗ್ಗಿನ ಸ್ವರಗಳ ದಿಕ್ಕನ್ನು ವೇಳೆಯ ಅಂತರದಿಂದಲೂ, ಮೇಲಿನ ಸ್ವರಗಳ ದಿಕ್ಕನ್ನು ಜೋರಿನ ಅಂತರದಿಂದಲೂ ನಾವು ಅರಿಯುತ್ತೇವೆಂದು ಇಂಗ್ಲಂಡದ ಶಾಸ್ತ್ರಜ್ಞನಾದ ಲಾರ್ಡ್ ರೇಲೀಯು 1907ರಲ್ಲಿ ವಿವರಿಸಿದನು. ಇಂದಿಗೂ ಆ ವಿವರಣೆಯೇ ಈ ವಿಷಯಕ್ಕೆ ತಳಹದಿಯಾಗಿದೆ.

ಈ ಲೇಖನದಲ್ಲಿ ನಾವು ಹೇಳಲುದ್ದೇಶಿಸಿದ್ದು ಗಣಕಯಂತ್ರದಲ್ಲಿ ಹಾಡುಗಳನ್ನು ಕೂಡಿಸಿ ಹದಗೊಳಿಸುವಾಗ ತೆರೆಯ ಮೇಲೆ ಕಾಣುವ 'ಪ್ಯಾನ್', 'ಬ್ಯಾಲೆನ್ಸ್' ಎಂಬೆರಡು ಸಣ್ಣ ಗುಂಡಿಗಳ ಸಂಗತಿಯನ್ನು. ಇಷ್ಟು ಸಣ್ಣ ವಸ್ತುವಿಗೆ ಸ್ಮರಣ ಸಂಚಿಕೆಯ ಇಷ್ಟು ಪುಟಗಳೇಕೆಂದು ಪಾಲಕರು ಕೇಳಬಹುದು. ಕೇಳತಕ್ಕ ಮಾತೇ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಆಯಿಯ, ಅತ್ತೆಯ, ನೆರೆಮನೆಯ ಮುದುಕಿಯ ಬಾಯಿಂದ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು, ಮನೆಯ ಗಣಕಯಂತ್ರದಲ್ಲಿ ಅಂದಗೊಳಿಸಿ, ದೂರ ದೇಶಗಳಲ್ಲಿರುವ ಬಂಧುಗಳಿಗೆ ಕಳುಹಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ಆ ಎರಡು ಗುಂಡಿಗಳ ಗುಣವನ್ನು ತಿಳಿಯದೆ ತಿರುವಿದ್ದರಿಂದ ಅರ್ಧ ಹಾಡೇ ಕೇಳುವವರ ಪಾಲಿಗೆ ಇಲ್ಲದಂತಾದ ಪ್ರಸಂಗಗಳುಂಟು. ಹಾಡಿದವಳು ಎಂಬತ್ತರ ಮೇಲಿನವಳಾಗಿದ್ದರೆ ಮತ್ತೊಮ್ಮೆ ಹಾಡಿಸುವೆವೆಂಬ ಭರವಸೆ ಎಲ್ಲಿಯದು?

ಬೀಸುವ ಕಲ್ಲಿನ ಪದಗಳ ಮಾತನ್ನೇ ತೆಗೆದುಕೊಳ್ಳೋಣ. ಜೋಳ ಬೀಸುವಾಗ ಇಬ್ಬರು ಹೆಂಗಸರು ಕಲ್ಲಿನ ಆಚೆ ಈಚೆ ಎದುರುಬದುರಾಗಿ ಕುಳಿತು, ಒಂದೇ ಗೂಟಕ್ಕೆ ಇಬ್ಬರ ಕೈ ಹಾಕಿ, ಒಬ್ಬಳು ಎತ್ತಿಕೊಂಡದ್ದನ್ನು ಇನ್ನೊಬ್ಬಳು ಮುಂದುವರಿಸುತ್ತ ಹಾಡುತ್ತಿದ್ದರು. ಹಿಟ್ಟಿನ ಗಿರಣಿಗಳು ಬಂದ ತರುವಾಯ ಕಲ್ಲು ಮೂಲೆಗೆ ಸೇರಿತು. ಪದಗಳು ಮುದುಕಿಯರ ನೆನಪಿನಲ್ಲಿ ಉಳಿದವು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಇಂಥ ತ್ರಿಪದಿಗಳನ್ನು ಕೂಡಿಸಿ 'ಗರತಿಯ ಹಾಡು' ಎಂಬ ಪುಸ್ತಕವನ್ನು 1931ರಲ್ಲಿ ಹೊರಡಿಸಿದ್ದರಿಂದ ಮಾತುಗಳಾದರೂ ಕನ್ನಡಿಗರ ಪಾಲಿಗೆ ಉಳಿದವು. ಆದರೆ ಅಚ್ಚಿನ ಪುಟದಲ್ಲಿ ಕಲ್ಲಿನ ಗುರುಗುರು ಶಬ್ದವಿಲ್ಲ. ಈಚೆಯ ದನಿ ನಿಲ್ಲುವ ಮೊದಲೇ ಆಚೆಯ ದನಿ ಅದನ್ನು ಕೈಗೆತ್ತಿಕೊಳ್ಳುವ ಸೊಗಸಿಲ್ಲ. ಆ ಆಚೆ-ಈಚೆಯನ್ನು ಉಳಿಸಿಕೊಡಬಲ್ಲ ಉಪಾಯವೇ ಸ್ಟೀರಿಯೊ.

ನಮ್ಮ ಹಿರಿಯರು ಯಂತ್ರದಿಂದ ಕೇಳಿದ ಧ್ವನಿಯೆಲ್ಲವೂ ಬಹುಕಾಲದ ವರೆಗೆ ಒಂದೇ ದಾರಿಯದಾಗಿತ್ತು. ಗ್ರಾಮೋಫೋನಿನ ಕಹಳೆ ಒಂದು; 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಬಿತ್ತರಿಸಿದ ಮನೆಯ ರೇಡಿಯೊಕ್ಕೂ ಬಾಯಿ ಒಂದೇ. ಬೀಳಗಿ ಸೀಮೆಯ ಸನಾದಿಗಾರನ ಹೆಸರಿನ 'ಸನಾದಿ ಅಪ್ಪಣ್ಣ' ಎಂಬ ಚಲಚ್ಚಿತ್ರವು 1977ರಲ್ಲಿ ಬಂದಾಗ, ಅದರಲ್ಲಿ ಉಸ್ತಾದ ಬಿಸ್ಮಿಲ್ಲಾ ಖಾನರು ನುಡಿಸಿದ ಶಹನಾಯಿಯನ್ನು ಜನರು ಕಣ್ಣೀರಿಟ್ಟು ಕೇಳಿದರು. ಸಣ್ಣ ಊರಿನ ಚಿತ್ರಮಂದಿರದಲ್ಲಿ ಪರದೆಯ ಹಿಂದಿನ ಒಂದೇ ಸ್ಪೀಕರಿನಿಂದ ಅದು ಬಂತೆಂದು ಯಾರೂ ಕೊರಗಲಿಲ್ಲ. ಒಂದು ದಾರಿಯ ಧ್ವನಿಯಲ್ಲಿ ರಸಕ್ಕೆ ಕೊರತೆಯಿಲ್ಲ. ಕೊರತೆಯೇನಿದ್ದರೂ ಸ್ಥಳಕ್ಕೆ: ಹಾಡುವವನೂ ಬಾರಿಸುವವನೂ ಒಂದೇ ಕಿಂಡಿಯಲ್ಲಿ ಕುಳಿತಂತೆ ತೋರುವದು.

ಎರಡು ದಾರಿಯ ಯೋಚನೆಯು ಹಳೆಯದೇ. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರನೆಂಬವನು ನಾಟ್ಯಗೃಹದ ರಂಗದ ಮೇಲೆ ಎಡಕ್ಕೂ ಬಲಕ್ಕೂ ಟೆಲಿಫೋನಿನ ಯಂತ್ರಗಳನ್ನಿಟ್ಟು, ದೂರದಲ್ಲಿ ಕುಳಿತ ಕೇಳುಗರ ಎರಡು ಕಿವಿಗಳಿಗೆ ಬೇರೆ ಬೇರೆ ತಂತಿಗಳಿಂದ ಸಂಗೀತವನ್ನು ಮುಟ್ಟಿಸಿದನು. ಗಾಯಕರು ರಂಗದಲ್ಲಿ ಓಡಾಡುವದು ಕಿವಿಗೆ ಕಂಡಿತೆಂದು ಕೇಳಿದವರು ಬೆರಗಾದರು. ಅದನ್ನು ಶಾಸ್ತ್ರೀಯವಾಗಿ ನೆಲೆಗೊಳಿಸಿದವನು ಆಲನ್ ಬ್ಲುಮ್ಲೈನನೆಂಬ ಇಂಗ್ಲಿಷ್ ಇಂಜಿನಿಯರನು. ಅವನು 1931ರ ಡಿಸೆಂಬರದಲ್ಲಿ, ಅಂದರೆ 'ಗರತಿಯ ಹಾಡು' ಹೊರಟ ವರ್ಷದಲ್ಲಿಯೇ, ಇದರ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಎರಡನೆಯ ಮಹಾಯುದ್ಧದಲ್ಲಿ ರೇಡಾರಿನ ಪರೀಕ್ಷೆ ನಡೆಸುತ್ತಿರುವಾಗ 1942ರಲ್ಲಿ ವಿಮಾನಾಪಘಾತದಿಂದ ಮಡಿದನು. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದು ಜನರ ಕೈಸೇರಿದ್ದು 1958ರ ಸುಮಾರಿಗೆ; ಅದನ್ನು ನೋಡುವ ಯೋಗವು ಅವನಿಗಿರಲಿಲ್ಲ.

ಇನ್ನು ಗುಂಡಿಗಳ ವಿಷಯ. 'ಪ್ಯಾನ್' ಎಂಬದು 'ಪ್ಯಾನೊರಾಮಾ' ಎಂಬ ಶಬ್ದದ ಮೋಟುರೂಪ. ವಿಶಾಲವಾದ ನೋಟವೆಂದು ಅದರ ಅರ್ಥ. ಆದಾಯ ತೆರಿಗೆಯ ಕಾರ್ಡಿಗೂ ಇದಕ್ಕೂ ನಂಟಿಲ್ಲ! ಮಿಶ್ರಣದ ಸಾಫ್ಟ್‌ವೇರಿನಲ್ಲಿ ಪ್ರತಿಯೊಂದು ದನಿಯೂ ಒಂದೊಂದು ಪಟ್ಟಿಯಲ್ಲಿ ಇರುತ್ತದೆ. ಈ ಪಟ್ಟಿಗೆ ಟ್ರ್ಯಾಕ್ ಎಂದು ಹೆಸರು. ಪ್ರತಿ ಟ್ರ್ಯಾಕಿಗೂ ಒಂದು ಪ್ಯಾನ್ ಗುಂಡಿ. ಅದನ್ನು ನಡುವೆ ಇಟ್ಟರೆ ದನಿಯು ಎದುರಿನಿಂದ ಬಂದಂತೆಯೂ, ಎಡಕ್ಕೆ ಸರಿಸಿದರೆ ಎಡದಿಂದ ಬಂದಂತೆಯೂ ತೋರುವದು. ನೋಡಿದವರಿಗೆ ದನಿಯನ್ನೇ ಹಿಡಿದು ಆಚೆಗೆ ಒಯ್ದು ಇಟ್ಟಂತೆ ಅನ್ನಿಸುತ್ತದೆ. ವಾಸ್ತವವಾಗಿ ಅಂಥದೇನೂ ನಡೆಯುವದಿಲ್ಲ. ಕಬ್ಬಿನ ಹೊಲಕ್ಕೆ ನೀರು ಹಾಯಿಸುವವನು ಕಾಲುವೆಯ ಕವಲಿನಲ್ಲಿ ಒಂದು ಕಡೆಗೆ ಮಣ್ಣು ಎಳೆದು ಇನ್ನೊಂದು ಕಡೆಗೆ ಬಿಡುವಂತೆ, ಈ ಗುಂಡಿಯು ಒಂದೇ ದನಿಯನ್ನು ಎಡದ ಸ್ಪೀಕರಿಗೆ ಇಷ್ಟು, ಬಲದ ಸ್ಪೀಕರಿಗೆ ಇಷ್ಟು ಎಂದು ಪಾಲು ಹಂಚುತ್ತದೆ. ಪಾಲಿನಲ್ಲಿ ಹೆಚ್ಚುಕಡಿಮೆಯಾದದ್ದನ್ನು ಕಂಡು ಮಿದುಳು ತಾನೇ ಒಂದು ಸ್ಥಳವನ್ನು ಕಲ್ಪಿಸಿಕೊಳ್ಳುತ್ತದೆ. ಎರಡಕ್ಕೂ ಸಮಪಾಲು ಬಂದಾಗ ನಡುವೆ ಸ್ಪೀಕರಿಲ್ಲದಿದ್ದರೂ ದನಿಯು ನಡುವಿನಿಂದಲೇ ಬಂದಂತೆ ತೋರುವದು ಇದೇ ಕಾರಣದಿಂದ. ಒಂದು ಪಾಲು ಇನ್ನೊಂದಕ್ಕಿಂತ 15ರಿಂದ 18 ಡೆಸಿಬೆಲಿನಷ್ಟು ಹೆಚ್ಚಾಯಿತೆಂದರೆ ದನಿಯು ಪೂರಾ ಆ ಬದಿಯ ಸ್ಪೀಕರಿನೊಳಗೇ ಇದ್ದಂತೆ ಕೇಳಿಸುವದು. ವೇಳೆಯ ಅಂತರವನ್ನು ಸಾಮಾನ್ಯವಾದ ಪ್ಯಾನ್ ಗುಂಡಿಯು ಮುಟ್ಟುವದೇ ಇಲ್ಲ.

ಈ ಪಾಲು ಹಂಚುವಲ್ಲಿ ಒಂದು ಗಣಿತದ ಗೂಢವಿದೆ. ನಮ್ಮ ಹಳೆಯ ವಿದ್ಯಾರ್ಥಿನಿಯರು ವರ್ಗಮೂಲವನ್ನು ಮರೆತಿರಲಾರರೆಂದು ನಂಬಿ ಅದನ್ನು ಬಿಡಿಸಿ ಹೇಳುತ್ತೇವೆ. ಪೂರಾ ಎಡಕ್ಕಿಟ್ಟ ದನಿಯ ಅಳತೆ 100 ಎಂದಿಟ್ಟುಕೊಳ್ಳೋಣ. ಅದನ್ನು ನಡುವಿಗೆ ತರಬೇಕಾದರೆ ನೀರಿನ ಲೆಕ್ಕದಂತೆ ಎಡಕ್ಕೆ 50, ಬಲಕ್ಕೆ 50 ಹಂಚಿದರೆ ಸಾಕೆಂದು ತೋರುವದು. ಇಲ್ಲಿ ಕಾಲುವೆಯ ಉಪಮೆಯು ಕೈಕೊಡುತ್ತದೆ. ಯಾಕಂದರೆ ಧ್ವನಿಯ ಶಕ್ತಿಯು ಅಳತೆಯ ವರ್ಗದ ಮೇರೆಗೆ ಇರುತ್ತದೆ. 100ರ ವರ್ಗವು 10,000. 50ರ ವರ್ಗವು 2,500, ಎರಡೂ ಕೂಡಿ 5,000 ಮಾತ್ರ. ಅಂದರೆ ದನಿಯು ನಡುವಿಗೆ ಬಂದೊಡನೆ ಶಕ್ತಿಯು ಅರ್ಧಕ್ಕಿಳಿದು, ಹಾಡುವವಳು ಹಿಂದಕ್ಕೆ ಸರಿದಂತೆ ಆಗುವದು. 50ರ ಬದಲು ಎರಡು ಕಡೆಗೂ 71ರಂತೆ ಹಂಚಿರಿ: 71ರ ವರ್ಗವು 5,041, ಎರಡೂ ಕೂಡಿ 10,082. ಲೆಕ್ಕವು ಹೆಚ್ಚುಕಡಿಮೆ ಸರಿಹೋಯಿತು. 100ರಿಂದ 71ಕ್ಕೆ ಇಳಿಸುವದಕ್ಕೆ ತಜ್ಞರು 3 ಡೆಸಿಬೆಲ್ ಇಳಿಸುವದೆನ್ನುತ್ತಾರೆ. ಎಡಕ್ಕೆ 30 ಅಂಶ ಸರಿಸಿದಾಗ ಪಾಲುಗಳು 85 ಮತ್ತು 52. ಅರ್ಧದಷ್ಟು ಸರಿಸಿದಾಗ 92 ಮತ್ತು 38. ವರ್ಗ ಮಾಡಿ ಕೂಡಿಸಿ ನೋಡಿರಿ, ಎಲ್ಲಿಯೂ ಮೊತ್ತವು 10,000ದ ಹತ್ತಿರವೇ ನಿಲ್ಲುವದು. ಹೀಗೆ ದನಿಯು ಎತ್ತ ಸರಿದರೂ ಜೋರು ಬದಲಾಗದಂತೆ ಹಂಚುವ ಕ್ರಮಕ್ಕೆ ಪ್ಯಾನಿನ ನಿಯಮವೆಂದು ಹೆಸರು.

ಎಲ್ಲ ಸಾಫ್ಟ್‌ವೇರುಗಳೂ ಒಂದೇ ನಿಯಮವನ್ನು ಪಾಲಿಸುವದಿಲ್ಲ. ಕೆಲವು ನಡುವಿನಲ್ಲಿ 3 ಡೆಸಿಬೆಲ್, ಕೆಲವು ನಾಲ್ಕೂವರೆ, ಕೆಲವು 6 ಇಳಿಸುತ್ತವೆ, ಕೆಲವು ಆಯ್ಕೆಯನ್ನು ನಮಗೇ ಬಿಡುತ್ತವೆ. ಹಣವಿಲ್ಲದೆ ದೊರೆಯುವದರಿಂದ ಹೆಚ್ಚಾಗಿ ಮನೆಗಳಲ್ಲಿ ಬಳಕೆಯಾಗುವ ಆಡಾಸಿಟಿಯಲ್ಲಿ ನಡುವಿಗೆ ಇಳಿಸುವದೇ ಇಲ್ಲ. ಒಂದು ದಾರಿಯ ಟ್ರ್ಯಾಕು ನಡುವೆ ಇದ್ದಾಗ ಎರಡು ಕಡೆಗೂ ಪೂರಾ 100. ಎಡಕ್ಕೆ 30 ಅಂಶ ಸರಿಸಿದರೆ ಎಡವು 100 ಆಗಿಯೇ ಉಳಿದು ಬಲವು 70ಕ್ಕೆ ಇಳಿಯುವದು. ಇದರ ಫಲವೇನಂದರೆ, ಬದಿಗೆ ಸರಿಸಿದಷ್ಟೂ ಒಟ್ಟಿನ ಜೋರು ಕಡಿಮೆಯಾಗುತ್ತ ಹೋಗುವದು. ಆಯಿಯ ದನಿಯನ್ನು ಬದಿಗೆ ಸರಿಸಿದ ಮೇಲೆ ಅದು ಸಣ್ಣದಾಯಿತೆಂದು ಹಾಡಿದವಳ ಮೇಲೆ ತಪ್ಪು ಹೊರಿಸದೆ, ಜೋರಿನ ಗುಂಡಿಯನ್ನು ತುಸು ಏರಿಸಿದರೆ ಸರಿಹೋಗುವದು.

ಈಗ ಬೀಸುವ ಕಲ್ಲಿನ ಪದವನ್ನು ಕೂಡಿಸುವ ಕ್ರಮವನ್ನು ನೋಡೋಣ. ನಮ್ಮಲ್ಲಿ ಮೂರು ಟ್ರ್ಯಾಕುಗಳಿವೆಯೆನ್ನಿರಿ: ಆಯಿಯ ದನಿ, ಅತ್ತೆಯ ದನಿ, ಕಲ್ಲಿನ ಶಬ್ದ. ಮೊದಲು ಮೂರನ್ನೂ ನಡುವೆಯೇ ಇಟ್ಟು, ಒಂದರ ಕೆಳಗೊಂದು ಮುಚ್ಚಿಹೋಗದಂತೆ, ಇಬ್ಬರ ಮಾತುಗಳೂ ತಿಳಿಯುವಂತೆ ಜೋರನ್ನು ಹೊಂದಿಸಬೇಕು. ಇದನ್ನು ಬಿಟ್ಟು ಮೊದಲಿಗೇ ಪ್ಯಾನಿಗೆ ಕೈ ಹಾಕುವವರೇ ಬಹಳ. ಎಡಬಲ ಬೇರ್ಪಡಿಸಿದರೆ ಎಲ್ಲವೂ ಸ್ಪಷ್ಟವಾದಂತೆ ತೋರುತ್ತದೆ ನಿಜ. ಆದರೆ ಆ ಸ್ಪಷ್ಟತೆಯು ಎರಡು ಕಿವಿಗಳಿಂದ ಕೇಳುವವರಿಗೆ ಮಾತ್ರ ಇರುವಂಥದು. ಜೋರು ಹೊಂದಿದ ತರುವಾಯ ಕಲ್ಲನ್ನು ನಡುವೆಯೇ ಬಿಡಬೇಕು. ಅದು ಇಬ್ಬರ ನಡುವೆ ಇದ್ದ ವಸ್ತುವೆಂಬದು ಒಂದು ಕಾರಣ; ತಗ್ಗಿನ ಗುರುಗುರು ನಾದವನ್ನು ಹೊರುವ ಭಾರವು ಎರಡು ಸ್ಪೀಕರುಗಳಿಗೂ ಸಮನಾಗಿ ಬೀಳಲೆಂಬದು ಇನ್ನೊಂದು. ಹಿಂದೆ ತಟ್ಟೆ ಕೊರೆಯುವವರೂ ತಗ್ಗಿನ ಸ್ವರಗಳನ್ನು ನಡುವೆಯೇ ಇಡುತ್ತಿದ್ದರು. ಬದಿಗಿಟ್ಟರೆ ಮುಳ್ಳು ಗೆರೆಯಿಂದ ಹಾರುವ ಭಯವಿತ್ತು. ಕಡೆಯಲ್ಲಿ ಆಯಿಯನ್ನು ಎಡಕ್ಕೆ 30 ಅಂಶ, ಅತ್ತೆಯನ್ನು ಬಲಕ್ಕೆ 30 ಅಂಶ ಸರಿಸಬೇಕು. ನಲವತ್ತಾದರೂ ಚಿಂತೆಯಿಲ್ಲ. ನೂರಕ್ಕೆ ಮಾತ್ರ ಒಯ್ಯಬಾರದೆಂದು ನಮ್ಮ ದೃಢವಾದ ಅಭಿಪ್ರಾಯ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ; ಅದಕ್ಕಿಂತ ಮೊದಲು ಬ್ಯಾಲೆನ್ಸಿನ ಮಾತು ಆಗಬೇಕಾಗಿದೆ.

ಪ್ಯಾನೂ ಬ್ಯಾಲೆನ್ಸೂ ತೆರೆಯ ಮೇಲೆ ಒಂದೇ ರೂಪದ ಗುಂಡಿಗಳಾಗಿ ಕಾಣುವದರಿಂದ ಅನೇಕರು ಅವೆರಡೂ ಒಂದೇ ಎಂದು ತಿಳಿಯುತ್ತಾರೆ. ಹಾಗಲ್ಲ. ಪ್ಯಾನು ಒಂದು ದಾರಿಯ ದನಿಯನ್ನು ಎರಡು ಕಡೆಗೆ ಹಂಚುವದು. ಬ್ಯಾಲೆನ್ಸಾದರೋ ಮೊದಲೇ ಎಡಬಲವಾಗಿ ಹಿಡಿದ ಸ್ಟೀರಿಯೊ ಧ್ವನಿಯಲ್ಲಿ ಒಂದು ಕಡೆಯನ್ನು ಸಣ್ಣದು ಮಾಡುವದು, ಅಷ್ಟೇ. ತಕ್ಕಡಿಯ ಹೆಸರನ್ನು ಹೊತ್ತಿದ್ದರೂ ಇದು ಒಂದು ತಟ್ಟೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವದಿಲ್ಲ, ತೆಗೆದದ್ದನ್ನು ಚೆಲ್ಲಿಬಿಡುತ್ತದೆ. ಎರಡು ಮೈಕುಗಳುಳ್ಳ ಮೊಬೈಲನ್ನು ಕಲ್ಲಿನ ಹತ್ತಿರ ಅಡ್ಡಲಾಗಿಟ್ಟು ಹಿಡಿದ ಸ್ಟೀರಿಯೊ ಹಾಡಿನಲ್ಲಿ ಆಯಿಯ ದನಿಯು ಎಡದಲ್ಲಿ ಹೆಚ್ಚಾಗಿಯೂ ಅತ್ತೆಯ ದನಿಯು ಬಲದಲ್ಲಿ ಹೆಚ್ಚಾಗಿಯೂ ಇರುವದೆನ್ನೋಣ. ಇಡೀ ಹಾಡನ್ನು ತುಸು ಎಡಕ್ಕೆ ಸರಿಸೋಣವೆಂದು ಗುಂಡಿಯನ್ನು ಎಡದ ತುದಿಗೆ ತಿರುಗಿಸಿದರೆ ಅತ್ತೆಯು ಎಡಕ್ಕೆ ಬರುವದಿಲ್ಲ. ಅವಳು ಹೆಚ್ಚುಕಡಿಮೆ ಇಲ್ಲವಾಗುತ್ತಾಳೆ. ಮರುದಿನ ಅದನ್ನು ಕೇಳಿ ಅವಳು, "ಯವ್ವಾ, ನಾ ಹಾಡಿದ್ದೆಲ್ಲಾ ಎಲ್ಲಿ ಹೋತ?" ಎಂದರೆ ಏನು ಉತ್ತರ ಕೊಡುವದು?

ಆಡಾಸಿಟಿಯಲ್ಲಿ ಸ್ಟೀರಿಯೊ ಟ್ರ್ಯಾಕಿನ ಗುಂಡಿಗೆ ಪ್ಯಾನೆಂದೇ ಹೆಸರಿದ್ದರೂ ಅದು ಮಾಡುವ ಕೆಲಸವು ಬ್ಯಾಲೆನ್ಸಿನದು. ಎರಡು ಕಡೆಗಳನ್ನೂ ನಿಜವಾಗಿ ಸರಿಸಬೇಕಾದರೆ ಮೊದಲು ಆ ಸ್ಟೀರಿಯೊ ಟ್ರ್ಯಾಕನ್ನು ಎರಡು ಒಂಟಿ ಟ್ರ್ಯಾಕುಗಳಾಗಿ ಒಡೆದು, ಒಂದೊಂದಕ್ಕೂ ಬೇರೆ ಬೇರೆ ಸ್ಥಳವನ್ನು ಕೊಡಬೇಕು. ಟ್ರ್ಯಾಕಿನ ಹೆಸರಿನ ಹತ್ತಿರವಿರುವ ಪಟ್ಟಿಯಲ್ಲಿಯೇ ಇದಕ್ಕೆ ಆಜ್ಞೆ ಇದೆ. ದೊಡ್ಡ ಸಾಫ್ಟ್‌ವೇರುಗಳಲ್ಲಿ ಕೆಲವು ಸ್ಟೀರಿಯೊ ಟ್ರ್ಯಾಕಿಗೆ ಎಡಕ್ಕೊಂದು ಬಲಕ್ಕೊಂದು ಹೀಗೆ ಎರಡು ಪ್ಯಾನ್ ಗುಂಡಿಗಳನ್ನೇ ಕೊಟ್ಟಿರುತ್ತವೆ.

ಸ್ಪೀಕರುಗಳಿಂದ ಕೇಳುವದಕ್ಕೂ ಕಿವಿಗೆ ಸಿಕ್ಕಿಸಿಕೊಂಡು ಕೇಳುವದಕ್ಕೂ ಇರುವ ಭೇದವನ್ನು ಇಲ್ಲಿ ಹೇಳಿಬಿಡಬೇಕು. ಕೋಣೆಯಲ್ಲಿ ಎರಡು ಸ್ಪೀಕರುಗಳನ್ನೂ ಕೇಳುವವರನ್ನೂ ಮೂರು ಮೂಲೆಗಳಲ್ಲಿಟ್ಟು ಸಮಭುಜ ತ್ರಿಕೋನವಾಗುವಂತೆ ಕುಳಿತರೆ ಸ್ಟೀರಿಯೊ ಚೆನ್ನಾಗಿ ಕೇಳಿಸುವದು. ಆಗ ಎಡದ ಸ್ಪೀಕರಿನ ಶಬ್ದವು ಬಲಗಿವಿಗೂ ಸ್ವಲ್ಪ ಹೋಗಿಯೇ ಹೋಗುವದು. ಪೂರಾ ಎಡಕ್ಕಿಟ್ಟ ದನಿಯೂ ಎರಡು ಕಿವಿಗಳಿಗೆ ಮುಟ್ಟುವದು. ಇಯರ್‌ಫೋನಿನಲ್ಲಿ ಈ ಅಡ್ಡದಾರಿ ಇಲ್ಲ. ಪೂರಾ ಎಡಕ್ಕಿಟ್ಟದ್ದು ಬಲಗಿವಿಗೆ ಎಳ್ಳಷ್ಟೂ ಹೋಗದು. ಯಾರೋ ಎಡಗಿವಿಯಲ್ಲಿಯೇ ಕುಳಿತು ಹಾಡಿದಂತಾಗಿ ಸ್ವಲ್ಪ ಹೊತ್ತಿಗೇ ಬೇಸರ ಬರುವದು. ಇಂದಿನ ದಿನಗಳಲ್ಲಿ ಕೇಳುವವರೆಲ್ಲರೂ ಬಹುತೇಕ ಇಯರ್‌ಫೋನಿನವರೇ ಆದ್ದರಿಂದ ಇದು ಸಣ್ಣ ಮಾತಲ್ಲ.

ಈಗ ನೂರಕ್ಕೆ ಒಯ್ಯಬಾರದೆಂದ ಕಾರಣಕ್ಕೆ ಬರುತ್ತೇವೆ. ಹಾಡನ್ನು ಕೇಳುವವರು ಯಾರು ಯಾರೆಂಬದನ್ನು ಸ್ವಲ್ಪ ಯೋಚಿಸಿರಿ. ಪರದೇಶದಲ್ಲಿರುವ ಮಗಳು ಅಡಿಗೆ ಮಾಡುತ್ತ ಒಂದೇ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಇನ್ನೊಂದು ಕಿವಿಯನ್ನು ಕೂಸಿನ ಅಳುವಿಗಾಗಿ ಬಿಟ್ಟಿರುತ್ತಾಳೆ. ಊರಲ್ಲಿ ಚಿಕ್ಕಪ್ಪನು ಒಂದೇ ಸ್ಪೀಕರಿನ ಅಗ್ಗದ ಮೊಬೈಲನ್ನು ಕಿಸೆಯಲ್ಲಿಟ್ಟುಕೊಂಡು ಕೇಳುತ್ತಾನೆ. ಮದುವೆಯ ಚಪ್ಪರದಲ್ಲಿ ಲೌಡ್‌ಸ್ಪೀಕರಿನವನು ಎರಡು ದಾರಿಗಳಲ್ಲಿ ಒಂದನ್ನೇ ತಂತಿಗೆ ಕೂಡಿಸಿರುತ್ತಾನೆ. ಆ ಕಹಳೆಗಳು ಹತ್ತಿದ್ದರೂ ದನಿ ಒಂದೇ. ಒಂದು ಕಿವಿಯು ಹುಟ್ಟಿನಿಂದಲೋ ಸೋರುವ ಬೇನೆಯಿಂದಲೋ ಮಂದವಾದವರು ಪ್ರತಿಯೊಂದು ಓಣಿಯಲ್ಲಿಯೂ ಇದ್ದಾರೆ. ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ವಿದ್ಯುತ್ ಮಗ್ಗಗಳ ಸದ್ದು 90 ಡೆಸಿಬೆಲಿಗೂ ಮೀರುವಂಥದು. ಅದರ ನಡುವೆ ವರ್ಷಗಟ್ಟಲೆ ದುಡಿದವರ ಕಿವಿಯು ಮೊದಲು ಸೆಕೆಂಡಿಗೆ 4,000 ಕಂಪನಗಳ ಸುಮಾರಿನ ಮೇಲಿನ ಸ್ವರಗಳನ್ನು ಕಳೆದುಕೊಳ್ಳುತ್ತದೆ. ಜೋರಿನ ಅಂತರದಿಂದ ದಿಕ್ಕನ್ನು ತಿಳಿಸುವವು ಮೇಲಿನ ಸ್ವರಗಳೇ ಎಂದು ಮೊದಲು ಹೇಳಿದೆವಷ್ಟೆ.

ಇಂಥವರಿಗೆ ನೂರಕ್ಕೆ ನೂರು ಬೇರ್ಪಡಿಸಿದ ಹಾಡನ್ನು ಕಳುಹಿಸಿದರೆ ಏನಾಗುವದು? ಎಡಗಿವಿಯಿಂದ ಮಾತ್ರ ಕೇಳುವವಳಿಗೆ ಆಯಿಯ ನುಡಿ ಕೇಳಿಸುವದು, ಬಳಿಕ ಅತ್ತೆಯ ಸರದಿಯಲ್ಲಿ ಬರಿ ಕಲ್ಲಿನ ಸದ್ದು ಕೇಳಿಸುವದು. ಹಾಡೇ ಅಷ್ಟೆಂದು ಅವಳು ತಿಳಿದಾಳು. ಏನೋ ತಪ್ಪಿಹೋಗಿದೆಯೆಂಬ ಸಂಶಯವೂ ಅವಳಿಗೆ ಬಾರದು. ಈ ಕೇಡು ನಮ್ಮ ಓಣಿಗಳದೇ ಅಲ್ಲ. ಲಂಡನ್ನಿನಲ್ಲಿ 1963ರಲ್ಲಿ ಬೀಟಲ್ಸ್ ಎಂಬ ಪ್ರಸಿದ್ಧ ಮೇಳದವರ ಮೊದಲ ಹಾಡುಗಳನ್ನು ಎರಡೇ ದಾರಿಯ ಯಂತ್ರದಲ್ಲಿ, ಕೊರಳು ಒಂದರಲ್ಲಿ ವಾದ್ಯ ಒಂದರಲ್ಲಿ ಎಂಬಂತೆ ಹಿಡಿದಿದ್ದರು. ಕೂಡಿಸಿ ಒಂದು ದಾರಿಯ ತಟ್ಟೆ ಮಾಡುವದೇ ಅದರ ಉದ್ದೇಶವಾಗಿತ್ತು. ಆದರೆ ಸ್ಟೀರಿಯೊ ತಟ್ಟೆಯಲ್ಲಿಯೂ ಹಾಗೆಯೇ ಬೇರೆ ಬೇರೆಯಾಗಿ ಹೊರಟದ್ದರಿಂದ, ಇಂದಿಗೂ ಒಂದೇ ಇಯರ್‌ಫೋನಿನಲ್ಲಿ ಅದನ್ನು ಕೇಳಿದವರಿಗೆ ಹಾಡುವವರಿಲ್ಲದ ಹಾಡು ದೊರೆಯುವದುಂಟು.

30 ಅಂಶದ ಲೆಕ್ಕವನ್ನು ಇಲ್ಲಿ ನೆನಪಿಗೆ ತಂದುಕೊಳ್ಳಿರಿ. ಆಯಿಯ ಪಾಲು ಎಡಕ್ಕೆ 85, ಬಲಕ್ಕೆ 52. ಬಲಗಿವಿಯವರಿಗೂ ಅವಳು 52ರಷ್ಟು ಸಿಗುತ್ತಾಳೆ. ನಡುವಿನ 71ಕ್ಕಿಂತ ಇದು 3 ಡೆಸಿಬೆಲಿಗೂ ಕಡಿಮೆಯ ಇಳಿತವಾದ್ದರಿಂದ ಮಾತು ಕೆಡುವದಿಲ್ಲ. ಎರಡೂ ಕಿವಿ ನೆಟ್ಟಗಿರುವವರಿಗೆ ಆಚೆ-ಈಚೆಯ ಸೊಗಸು ಸಿಕ್ಕಿತು. ಒಂದೇ ಕಿವಿಯವರಿಗೆ ಹಾಡು ಉಳಿಯಿತು. ಅವಶ್ಯವಾದದ್ದು ಎರಡು ಕಡೆಗೂ ಇರಬೇಕು, ಅಲಂಕಾರವು ಮಾತ್ರ ಬದಿಗೆ ಹೋಗಬಹುದು. ತಾಳವೊಂದನ್ನೋ ಅಂಗಳದ ಹಕ್ಕಿಯ ಕೂಗನ್ನೋ ಎಷ್ಟು ದೂರ ಸರಿಸಿದರೂ ಹಾಡಿಗೆ ಕೇಡಿಲ್ಲ.

ಕೇಳುವವರ ಕಡೆಯಿಂದಲೂ ಒಂದು ಉಪಾಯವುಂಟು. ಅದು ಬಹಳ ಜನರಿಗೆ ಗೊತ್ತಿಲ್ಲ. ಈಗಿನ ಮೊಬೈಲುಗಳಲ್ಲಿ ಸೆಟ್ಟಿಂಗ್ಸಿನೊಳಗೆ ಅಂಗವಿಕಲರ ಅನುಕೂಲಕ್ಕಾಗಿ ಇಟ್ಟ ಭಾಗದಲ್ಲಿ 'ಮೊನೊ ಆಡಿಯೊ' ಎಂಬ ಗುಂಡಿ ಇರುತ್ತದೆ. ಅದನ್ನೊತ್ತಿದರೆ ಎಡಬಲಗಳೆರಡೂ ಕೂಡಿ ಎರಡು ಕಿವಿಗೂ ಒಂದೇ ಆಗಿ ಬರುವವು. ಅದರ ಹತ್ತಿರವೇ ಎಡಬಲದ ಜೋರನ್ನು ಹೊಂದಿಸುವ ಬ್ಯಾಲೆನ್ಸೂ ಇರುವದು. ಮನೆಯಲ್ಲಿ ಒಂದು ಕಿವಿ ಮಂದವಾದ ಹಿರಿಯರಿದ್ದರೆ ಪಾಲಕರು ಈ ಲೇಖನವನ್ನು ಕೆಳಗಿಟ್ಟು ಮೊದಲು ಆ ಗುಂಡಿಯನ್ನು ಒತ್ತಿ ಬರಬಹುದು.

ಎಡಬಲಗಳನ್ನು ಕೂಡಿಸುವಾಗ ಒಂದು ಅಪಾಯವಿದೆ. ಬಾವಿಯಲ್ಲಿ ಎರಡು ಕಲ್ಲುಗಳನ್ನು ಎಸೆದರೆ ಒಂದರ ಅಲೆಯ ಉಬ್ಬಿಗೆ ಇನ್ನೊಂದರ ತಗ್ಗು ಸೇರಿದ ಕಡೆಯಲ್ಲಿ ನೀರು ಸಮವಾಗಿ ನಿಲ್ಲುವದನ್ನು ಎಲ್ಲರೂ ಕಂಡಿರಬೇಕು. ಧ್ವನಿಯಲ್ಲಿಯೂ ಹಾಗೆಯೇ. ಇಬ್ಬರ ಮುಂದೆ ಎರಡು ಮೊಬೈಲುಗಳನ್ನಿಟ್ಟಾಗ ಆಯಿಯ ದನಿಯು ಅತ್ತೆಯ ಮುಂದಿನದಕ್ಕೂ ತುಸು ತಡವಾಗಿ ಹೋಗಿ ಸೇರುವದು. ದೂರದಲ್ಲಿ 34 ಸೆಂಟಿಮೀಟರಿನ ಅಂತರವಿದ್ದರೆ ಸೆಕೆಂಡಿನ ಸಾವಿರದೊಂದು ಪಾಲು ತಡ. ಅವೆರಡನ್ನೂ ಸಮಜೋರಿನಲ್ಲಿ ಕೂಡಿಸಿದರೆ ಸೆಕೆಂಡಿಗೆ 500 ಕಂಪನದ ಸ್ವರವೂ 1,500ರದೂ 2,500ರದೂ ಅಳಿಸಿಹೋಗಿ, ದನಿಯು ಕೊಡದೊಳಗಿಂದ ಬಂದಂತೆ ಟೊಳ್ಳಾಗುವದು. ಎಡಬಲವಾಗಿ ಕೇಳುವಾಗ ಇದು ಗೊತ್ತೇ ಆಗುವದಿಲ್ಲ. ಆದ್ದರಿಂದ ಪ್ಯಾನ್ ಮಾಡಿ ಮುಗಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಒಂದು ದಾರಿಯಾಗಿ ಕೂಡಿಸಿ ಕೇಳಿ ನೋಡುವ ರೂಢಿಯನ್ನು ಇಟ್ಟುಕೊಳ್ಳಬೇಕು. ಟೊಳ್ಳು ಕಂಡರೆ ಒಂದು ಟ್ರ್ಯಾಕನ್ನು ತುಸು ಹಿಂದೆಮುಂದೆ ಸರಿಸಿ ನೋಡಬಹುದು, ಇಲ್ಲವೆ ಒಬ್ಬಳು ಸುಮ್ಮನಿರುವಾಗ ಅವಳ ಟ್ರ್ಯಾಕನ್ನು ಸಣ್ಣದು ಮಾಡಬಹುದು.

ಹಿಡಿಯುವಾಗಲೇ ಎಚ್ಚರಪಟ್ಟರೆ ಈ ತೊಂದರೆಗಳು ಅರ್ಧಕ್ಕರ್ಧ ಕಡಿಮೆಯಾಗುವವು. ಮೊಬೈಲನ್ನು ಹಾಡುವವಳ ಬಾಯಿಂದ ಒಂದು ಒಂದೂವರೆ ಗೇಣಿನೊಳಗೆ, ಉಸಿರು ನೇರವಾಗಿ ಬೀಳದಂತೆ ಓರೆಯಾಗಿಡಬೇಕು. ಎರಡು ಮೊಬೈಲುಗಳ ಗಡಿಯಾರಗಳು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ನಡೆಯುವವೆಂದು ನಂಬಬಾರದು. ಹಾಡಿನ ಮೊದಲಿಗೂ ಕಡೆಗೂ ಒಂದೊಂದು ಚಪ್ಪಾಳೆ ಹೊಡೆದಿಟ್ಟರೆ ಆಮೇಲೆ ಎರಡನ್ನೂ ಹೊಂದಿಸುವದಕ್ಕೆ ಗುರುತಾಗುವದು. ಫ್ಯಾನು ಬಂದ್ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮಿಶ್ರಣ ಮಾಡಿದ ಹಾಡು ಎಷ್ಟೇ ಚೆನ್ನಾಗಿ ಬಂದರೂ ಮೊದಲು ಹಿಡಿದ ಮೂಲ ಟ್ರ್ಯಾಕುಗಳನ್ನು ಮುಟ್ಟದೆ ಬೇರೆಯಾಗಿ ಕಾದಿಡಬೇಕು. ಪ್ಯಾನನ್ನು ನಾಳೆ ಬದಲಿಸಬಹುದು, ಕೂಡಿಹೋದ ದನಿಗಳನ್ನು ನಾಳೆ ಬಿಡಿಸುವದು ಕಷ್ಟ. ಅವುಗಳ ಜೊತೆಯಲ್ಲಿ ಒಂದು ಚೀಟಿಯೂ ಇರಲಿ: ಊರು ಯಾವದು, ತಾರೀಖು ಯಾವದು, ಹಾಡಿದವರು ಯಾರು ಯಾರು, ಎಡಕ್ಕೆ ಕುಳಿತವಳು ಯಾರು, ಬಲಕ್ಕೆ ಕುಳಿತವಳು ಯಾರು. ಎಡವೆಂದರೆ ಕೇಳುವವರ ಎಡವೋ ಹಾಡುವವರ ಎಡವೋ ಎಂಬದನ್ನೂ ಆ ಚೀಟಿಯಲ್ಲಿ ಬರೆದಿಡಬೇಕು. ಎದುರುಬದುರು ಕುಳಿತವರಲ್ಲಿ ಒಬ್ಬಳ ಎಡವು ಇನ್ನೊಬ್ಬಳ ಬಲವಾಗಿರುತ್ತದೆ.